ಐದನೇ ತರಗತಿಯ ಬಸ್ ಸ್ಟ್ಯಾಂಡ್

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳಿಕೊಳ್ಳಬಾರದು, ಅದು ಜಂಭ ಎಂದು ಬುದ್ಧಿ ಹೇಳುವವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಓದಿದವರು ಇರುತ್ತಾರೆ. ನಮ್ಮ ಮನೆಯಲ್ಲಿ ಇರಲಿಲ್ಲ. ಅಪ್ಪ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತರು. ಅವ್ವ ತ್ಯಾವಣಿಗೆಯ ಸುತ್ತಮುತ್ತ ಕಂಡವರ ಅಡಿಕೆ ಸುಲಿದಳು. ಅವಳ ಬೆರಳುಗಳ ಕಂದು ಬಣ್ಣ ಸೋಪಿಗೆ ಹೋಗುತ್ತಿರಲಿಲ್ಲ. ಅದೇ ಬೆರಳುಗಳಲ್ಲಿ ಈಗ ದಿನಾ ಬೆಳಿಗ್ಗೆ ಗೋಡೆಯ ಮೇಲಿನ ನನ್ನ ಘಟಿಕೋತ್ಸವದ ಫೋಟೋದ ಧೂಳು ಒರೆಸುತ್ತಾಳೆ. ಪಕ್ಕದಲ್ಲೇ ದೇವರ ಫೋಟೋ ಇದೆ. ಅದನ್ನು ಒರೆಸುವುದು ಶುಕ್ರವಾರ ಮಾತ್ರ.

ಇಂಗ್ಲಿಷನ್ನು ನಾನು ಹತ್ತು ವರ್ಷ ಕಲಿತೆ, ಒಂದು ಮಾತೂ ಆಡದೆ. ಮೇಷ್ಟ್ರು ಒಂದು ಸಾಲು ಹೇಳೋರು, ನಾವು ರಾಗವಾಗಿ ಒಟ್ಟಿಗೆ ಹೇಳುತ್ತಿದ್ದೆವು. ಯಾರ ಬಾಯಲ್ಲಿ ಏನು ಬರುತ್ತಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೊಂದು ಅನುಕೂಲವೂ ಆಗಿತ್ತು. ನನಗೆ ಬರೆಯುವುದು ಚೆನ್ನಾಗಿ ಬರುತ್ತಿತ್ತು, ಮಾರ್ಕ್ಸೂ ಬರುತ್ತಿದ್ದವು. ಹೊನ್ನಾಳಿಯ ಕಾಲೇಜಿಗೆ ಸೇರಿದ ಮೊದಲ ವಾರ ಇಂಗ್ಲಿಷ್ ಲೆಕ್ಚರರ್ ಒಬ್ಬೊಬ್ಬರನ್ನೇ ಎಬ್ಬಿಸಿ ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪ್ರಶ್ನೆ ನನಗೆ ಅರ್ಥವಾಯಿತು. ನನ್ನ ತಂದೆ ಎಂಬ ಪ್ರಬಂಧವನ್ನು ನಾನು ಏಳನೇ ತರಗತಿಯಿಂದ ಬಾಯಿಪಾಠ ಮಾಡಿದ್ದೆ. ಆದರೆ ಆ ಪ್ರಬಂಧದ ತಂದೆ ಹತ್ತು ಗಂಟೆಗೆ ಛತ್ರಿ ಹಿಡಿದು ಆಫೀಸಿಗೆ ಹೋಗುತ್ತಿದ್ದರು. ನನ್ನ ಅಪ್ಪ ಆ ಹೊತ್ತಿಗೆ ಎರಡು ಲಾರಿ ಇಳಿಸಿ ಮುಗಿಸಿರುತ್ತಿದ್ದರು. ಆ ತಂದೆಯನ್ನು ಹೇಳಲಾರದೆ, ಈ ಅಪ್ಪನಿಗೆ ಇಂಗ್ಲಿಷ್ ಸಿಗದೆ ನಿಂತೇ ಇದ್ದೆ. ಲೆಕ್ಚರರ್ ಕೂತ್ಕೋ ಅಂದರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಾನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ, ಬಿ.ಎಡ್. ಮಾಡಿದೆ, ಪರೀಕ್ಷೆ ಬರೆದು ಸರ್ಕಾರಿ ಶಾಲೆಗೆ ಟೀಚರಾದೆ. ಆ ನಗು ಮಾತ್ರ ಕಿವಿಯಿಂದ ಹೋಗಲಿಲ್ಲ.

ಮೊದಲ ಪೋಸ್ಟಿಂಗ್ ಜಗಳೂರು ತಾಲ್ಲೂಕಿಗೆ. ಅಲ್ಲಿ ನಾನು ಮಾಡಿದ್ದೇನು ಅಂದರೆ, ನನಗೆ ಹೆಂಗೆ ಕಲಿಸಿದ್ದರೋ ಹಂಗೇ ಕಲಿಸಿದೆ. ಒಂದು ದಿನ ಶಾಲೆ ನೋಡಲು ಬಂದ ಸಾಹೇಬರೊಬ್ಬರು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, ಬೆಳಿಗ್ಗೆ ಏನು ತಿಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಕೈ ಕಟ್ಟಿ ನೆಟ್ಟಗೆ ನಿಂತು, ಸಿಂಹವು ದೊಡ್ಡ ಕಾಡಿನಲ್ಲಿ ವಾಸವಾಗಿತ್ತು ಎಂದು ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಹೇಳಿದಳು. ಮೂರನೇ ಪಾಠದ ಮೊದಲ ಪ್ರಶ್ನೆಯ ಉತ್ತರ ಅದು. ಸಾಹೇಬರು ನಕ್ಕರು. ಅವಳು ಮಾತ್ರ ಸರಿಯಾಗಿ ಹೇಳಿದೆನಲ್ಲ ಎಂಬ ಹೆಮ್ಮೆಯಿಂದ ನನ್ನ ಮುಖ ನೋಡಿದಳು. ಆ ನೋಟಕ್ಕೆ ನಾನು ತಲೆ ಆಡಿಸಿದೆ. ಬೇರೆ ಏನು ಮಾಡಲಿ. ಆ ಸಿಂಹವನ್ನು ಅವಳ ಬಾಯಿಗೆ ಇಟ್ಟವಳು ನಾನೇ.

ಆ ವರ್ಷವೇ ಇಂಗ್ಲಿಷ್ ಮಾತಾಡಿಸುವ ಬಗ್ಗೆ ಒಂದು ತರಬೇತಿ ನಡೆಯಿತು. ಮಕ್ಕಳನ್ನು ಜೋಡಿ ಮಾಡಿ ಕೂರಿಸಿ, ಒಬ್ಬರಿಗೆ ಅರ್ಧ ಸುದ್ದಿ ಕೊಡಿ, ಇನ್ನೊಬ್ಬರಿಗೆ ಉಳಿದರ್ಧ ಕೊಡಿ. ಕೇಳದೆ ಪೂರ್ತಿ ಆಗಬಾರದು, ಆಗ ಮಾತಾಡಲೇಬೇಕಾಗುತ್ತದೆ ಅಂದರು. ಅಂಗಡಿ ಆಡಿಸಿ, ಆಸ್ಪತ್ರೆ ಆಡಿಸಿ, ತಪ್ಪು ತಪ್ಪೇ ಆಡಲಿ, ನಡುವೆ ಬಾಯಿ ಹಾಕಬೇಡಿ ಅಂದರು. ನನ್ನ ಪಕ್ಕದಲ್ಲಿ ಕೂತವರು ಆಕಳಿಸಿದರು. ನಾನು ಮನೆಗೆ ಬಂದು ಅಟ್ಟದ ಮೇಲಿದ್ದ ಹಳೇ ಮದುವೆ ಕಾರ್ಡುಗಳನ್ನೆಲ್ಲ ಕೆಳಗಿಳಿಸಿ, ಬೆನ್ನ ಕಡೆ ಬೆಳ್ಳಗಿದ್ದವನ್ನು ಆರಿಸಿ ಕತ್ತರಿಸಲು ಕೂತೆ. ಅವ್ವ ಗಾಬರಿಯಾಗಿ, ದಂಪತಿಗಳು ಇನ್ನೂ ಚೆನ್ನಾಗವ್ರೆ, ಕಾರ್ಡ್ ಯಾಕೆ ಕತ್ತರಿಸ್ತೀಯ ಅಂದಳು.

ನಾಲ್ಕಾರು ವರ್ಷ ಕಳೆದು ನ್ಯಾಮತಿ ತಾಲ್ಲೂಕಿಗೆ ವರ್ಗವಾಯಿತು. ಗೋವಿನಕೋವಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಏಳನೇ ತರಗತಿಯವರೆಗೆ ಶಾಲೆ. ನಾನು ಅವ್ವನನ್ನು ಕರೆದುಕೊಂಡು ಹೊನ್ನಾಳಿಯಲ್ಲಿ ಬಾಡಿಗೆ ಮನೆ ಮಾಡಿದೆ. ದಿನಾ ಬಸ್ಸಿನಲ್ಲಿ ಓಡಾಟ.

ಐದನೇ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಮೊದಲ ತಿಂಗಳು ನನ್ನ ಕಾರ್ಡುಗಳನ್ನು ಹಿಡಿದುಕೊಂಡು ಸುಮ್ಮನೆ ನನ್ನ ಮುಖ ನೋಡಿದರು. ಎರಡನೇ ತಿಂಗಳು ಬಾಯಿ ಬಿಟ್ಟರು. ಮೂರನೇ ತಿಂಗಳು ಮುಚ್ಚಿಸುವುದು ಕಷ್ಟವಾಯಿತು. ಇಪ್ಪತ್ತೆರಡು ಬಾಯಿ ಒಂದೇ ಸಲ ಬೇರೆಬೇರೆ ಮಾತಾಡಿದರೆ ಆಗುವ ಗದ್ದಲ ಪಕ್ಕದ ಕೋಣೆಗೆ ಕೇಳದೆ ಇರುತ್ತದೆಯೇ. ಹೆಡ್ ಮಾಸ್ಟರು ಒಳ್ಳೆಯವರು, ಆದರೆ ನಿಶ್ಶಬ್ದವೇ ಪಾಠ ಎಂದು ನಂಬಿದವರು. ಬಾಗಿಲಲ್ಲಿ ನಿಂತು, "ಮೇಡಂ, ಊರಾಗೆ ಸಂತೆ ವಾರಕ್ಕೊಂದು ದಿನ. ನಿಮ್ಮ ಕ್ಲಾಸಾಗೆ ದಿನಾ ಐತಲ್ರೀ" ಅನ್ನುತ್ತಿದ್ದರು. ನಾನು, ವ್ಯಾಪಾರ ಜೋರಾಗೈತೆ ಸರ್, ನೀವೂ ಬರ್ರಿ ಅನ್ನುತ್ತಿದ್ದೆ. ಅವರು ಬರುತ್ತಿರಲಿಲ್ಲ.

ನಾನು ಕಟ್ಟಿದ ಆಟಗಳಲ್ಲಿ ನನಗೆ ಬಲು ಇಷ್ಟವಾದದ್ದು ಬಸ್ ಸ್ಟ್ಯಾಂಡ್. ಬೆಂಚುಗಳನ್ನು ಎರಡು ಸಾಲಾಗಿ ಇಟ್ಟರೆ ಬಸ್ಸು. ಬಿಸಿಯೂಟದ ತಟ್ಟೆ ಹಿಡಿದವನು ಡ್ರೈವರ್. ಗೋಡೆಗೆ ನಾಲ್ಕು ಬೋರ್ಡು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಜಗಳೂರನ್ನು ಯಾವ ಮಗುವೂ ನೋಡಿರಲಿಲ್ಲ. ನಾನು ಇದ್ದ ಊರು ಎಂಬ ಕಾರಣಕ್ಕೆ ಹಾಕಿದ್ದೆ. ಅವರಿಗೆ ಅದು ವಿಮಾನದಲ್ಲಿ ಹೋಗುವ ದೇಶದಂತೆ ಕಾಣುತ್ತಿತ್ತು, ಜಗಳೂರಿನ ಕಾರ್ಡ್ ಸಿಕ್ಕವರು ಕುಣಿಯುತ್ತಿದ್ದರು. ಅರ್ಧ ಮಕ್ಕಳ ಕೈಯಲ್ಲಿ ಊರಿನ ಕಾರ್ಡ್, ಅರ್ಧ ಮಕ್ಕಳ ಕೈಯಲ್ಲಿ ಬಸ್ಸು ಬಿಡುವ ಹೊತ್ತಿನ ಕಾರ್ಡ್. ಹೊತ್ತಿನ ಕಾರ್ಡ್ ಹಿಡಿದವರು ಪ್ರಯಾಣಿಕರನ್ನು ನಿಲ್ಲಿಸಿ "ವೇರ್ ಆರ್ ಯು ಗೋಯಿಂಗ್?" ಅಂದರೆ ಎಲ್ಲಿಗೆ ಹೊರಟಿರಿ ಎಂದು ಕೇಳಬೇಕು. ಅವರು ಊರು ಹೇಳಬೇಕು. ಆಮೇಲೆ ಬಸ್ಸಿನ ಹೊತ್ತು ಹೇಳಿ ಹತ್ತಿಸಬೇಕು. ಮೊದಲ ಮಾತು ಅದೇ, ಅದನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದಿದ್ದೆ.

ಎಲ್ಲರೂ ಕೇಳಿದರು. ಒಬ್ಬ ಹುಡುಗಿ ಕೇಳಲಿಲ್ಲ.

ಅವಳು ಕಿಟಕಿ ಪಕ್ಕ ಕೂರುತ್ತಿದ್ದ, ಎರಡು ಜಡೆಯ, ತೆಳ್ಳನೆ ಹುಡುಗಿ. ಓದುವುದರಲ್ಲಿ ಮುಂದು. ಅಂಗಡಿ ಆಟದಲ್ಲಿ ಬದನೆಕಾಯಿ ಚೌಕಾಸಿ ಮಾಡಿ ಅಂಗಡಿಯವನನ್ನೇ ಅಳಿಸಿದ್ದವಳು. ಬಸ್ ಸ್ಟ್ಯಾಂಡಿನಲ್ಲಿ ಮಾತ್ರ ಹೊತ್ತಿನ ಕಾರ್ಡ್ ಕೈಗೆ ಬಂದ ಕೂಡಲೇ ತುಟಿ ಬಿಗಿಯುತ್ತಿದ್ದಳು. ಪ್ರಯಾಣಿಕರು ಎದುರಿಗೆ ಬಂದು ನಿಂತರೂ ಕಾರ್ಡನ್ನೇ ನೋಡುತ್ತಾ ನಿಲ್ಲುತ್ತಿದ್ದಳು.

ಅವಳ ಅಪ್ಪನದು ಲಗೇಜ್ ಆಟೋ. ಊರಿನವರ ಮೆಣಸಿನಕಾಯಿ, ಟೊಮ್ಯಾಟೊ, ಮೆಕ್ಕೆಜೋಳ ಹೇರಿಕೊಂಡು ಒಂದು ದಿನ ಹೊನ್ನಾಳಿ, ಒಂದು ದಿನ ಚನ್ನಗಿರಿ, ಬಾಡಿಗೆ ಸಿಕ್ಕರೆ ಇನ್ನೂ ಆಚೆ ಹೋಗುವವರು. ಶಾಲೆಯ ಸಮಿತಿಯಲ್ಲೂ ಇದ್ದರು. ಊರಿನಲ್ಲಿ ಅವರ ಮಾತಿಗೆ ತೂಕ ಇತ್ತು. ಜನವರಿ ಕಳೆದ ಮೇಲೆ ಒಂದು ಬೆಳಿಗ್ಗೆ ಸಮಿತಿಯ ಕಾಗದಕ್ಕೆ ಸಹಿ ಹಾಕಲು ಬಂದವರು ಗದ್ದಲ ಕೇಳಿ ನಮ್ಮ ಬಾಗಿಲಿಗೆ ಬಂದರು. ಬಸ್ ಸ್ಟ್ಯಾಂಡ್ ನಡೆಯುತ್ತಿತ್ತು. ಅವರ ಮಗಳ ಕೈಯಲ್ಲಿ ಹೊತ್ತಿನ ಕಾರ್ಡ್. ಊರಿನ ಮಕ್ಕಳೆಲ್ಲ ಪಟಪಟ ಮಾತಾಡುತ್ತಿದ್ದರೆ ಇವಳು ಕಂಬದ ಹಾಗೆ ನಿಂತಿದ್ದಳು. ಅವರು ಐದು ನಿಮಿಷ ನೋಡಿದರು. ಆಮೇಲೆ ನನ್ನನ್ನು ಕರೆಯದೆ ನೇರ ಹೆಡ್ ಮಾಸ್ಟರ ಕೋಣೆಗೆ ಹೋದರು.

ನಾನು ಹೋಗುವಷ್ಟರಲ್ಲಿ ಅರ್ಜಿ ಬರೆದು ಮುಗಿಸಿದ್ದರು. ಐದನೇ ತರಗತಿ ಮುಗಿದ ಕೂಡಲೇ ಮಗಳ ಟಿಸಿ ಬೇಕು, ಇಂಗ್ಲಿಷ್ ಮೀಡಿಯಂ ಶಾಲೆಗೆ ವ್ಯಾನಿನಲ್ಲಿ ಕಳಿಸುತ್ತೇವೆ. ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಅದೇ ಕಷ್ಟ.

"ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ. ನೀವು ಆಟ ಆಡುಸ್ತೀರಿ, ಮಕ್ಳು ಖುಷಿಯಾಗವ್ರೆ. ಆದ್ರೆ ನಾನು ಇಂಗ್ಲಿಷ್ ಬರ್ದೆ ಎಲ್ಲೆಲ್ಲಿ ತಲೆ ತಗ್ಗಿಸಿ ನಿಂತೀನಿ ಅಂತ ನಂಗೇ ಗೊತ್ತು. ಅವಳೂ ಹಂಗೆ ನಿಂತಿದ್ಲಲ್ರೀ ಈಗ."

ಹೊನ್ನಾಳಿ ಕಾಲೇಜಿನಲ್ಲಿ ಹಂಗೆ ನಿಂತವಳು ನಾನು. ಹೆಡ್ ಮಾಸ್ಟರು, ಮಾರ್ಚಿನಲ್ಲಿ ಪೋಷಕರ ಸಭೆ ಐತೆ, ಅಲ್ಲೀತನಕ ಅರ್ಜಿ ನನ್ನ ಟೇಬಲ್ ಮೇಲೇ ಇರಲಿ ಅಂದರು. ಅವರ ಲೆಕ್ಕ ನನಗೆ ಗೊತ್ತಿತ್ತು. ಈ ಹುಡುಗಿ ವ್ಯಾನ್ ಹತ್ತಿದರೆ ಅದೇ ಬೀದಿಯ ನಾಲ್ಕೈದು ಮಕ್ಕಳು ಹಿಂದೆಯೇ ಹತ್ತುತ್ತಾರೆ. ನನ್ನ ಲೆಕ್ಕ ಬೇರೆ ಇತ್ತು. ಅವಳು ಹೋಗುವುದಾದರೆ ಹೋಗಲಿ, ಮಾತು ಬರುವುದಿಲ್ಲ ಎಂದು ಹೋಗಬಾರದು.

ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮಾರನೇ ದಿನದಿಂದಲೇ ಆ ಹುಡುಗಿಯ ಬೆನ್ನು ಬಿದ್ದೆ. ದಿನಾ ಅವಳನ್ನು ಮುಂದೆ ಕರೆದು, ನನ್ನ ಹಿಂದೆ ಹೇಳು ಎಂದು ಆ ಒಂದು ಪ್ರಶ್ನೆಯನ್ನು ಹೇಳಿಕೊಟ್ಟೆ. ತರಬೇತಿಯಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯಿತೋ, ನನ್ನ ಹಳೇ ಮೇಷ್ಟ್ರು ನನ್ನೊಳಗಿಂದ ಎದ್ದು ಬಂದಿದ್ದರು. ಅವಳು ಹೇಳಲಿಲ್ಲ. ಅವಳ ಕಣ್ಣಲ್ಲಿ ಹೆದರಿಕೆ ಇರಲಿಲ್ಲ, ಹಟ ಇತ್ತು. ನಾಲ್ಕನೇ ದಿನ ನನಗೆ ರೇಗಿ, ಇಷ್ಟು ಸುಲಭದ್ದು ಬರಲ್ಲವಾ ನಿನಗೆ ಎಂದುಬಿಟ್ಟೆ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು.

ಆ ನಗುವನ್ನು ನಾನು ಗುರುತು ಹಿಡಿದೆ. ಅವಳನ್ನು ಕೂರಿಸಿ, ಅಂದು ಮತ್ತೇನೂ ಪಾಠ ಮಾಡದೆ ಚಿತ್ರ ಬರೆಯಲು ಹೇಳಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಹೊರಗೆ ಏನು ಕಂಡೆನೋ ನೆನಪಿಲ್ಲ.

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಅವ್ವ ದಿನದಂತೆ ಹೊಸ್ತಿಲ ಒಳಗೆ ನಿಂತು, "ದೂರ ಹೊಂಟ್ಯೇನವ್ವಾ?" ಅಂದಳು.

ನಾನು ದಿನಾ ಹೋಗುವುದು ಅದೇ ಶಾಲೆಗೆ ಎಂದು ಅವಳಿಗೆ ಗೊತ್ತು. ಆದರೂ ದಿನಾ ಕೇಳುತ್ತಾಳೆ, ನಾನು ದಿನಾ ಇಲ್ಲೇ ಅವ್ವ ಅನ್ನುತ್ತೇನೆ. ಅದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅಂದು ಬಿತ್ತು. ಒಂದು ಕಾಲಿಗೆ ಚಪ್ಪಲಿ, ಇನ್ನೊಂದು ಕಾಲು ಬರಿಗಾಲು, ಹಾಗೇ ನಿಂತು ಕೇಳಿದೆ, ಅವ್ವ, ಎಲ್ಲಿಗೆ ಹೊಂಟೆ ಅಂತ ಯಾಕೆ ಕೇಳಲ್ಲ ನೀನು?

ಅವ್ವ ನನ್ನನ್ನು ನೋಡಿದ್ದು ಹೇಗೆಂದರೆ, ಉಪ್ಪು ಯಾಕೆ ಉಪ್ಪಾಗಿದೆ ಎಂದು ಕೇಳಿದವರನ್ನು ನೋಡುವ ಹಾಗೆ. "ಹೊಂಟೋರ್ನ ಎಲ್ಲಿಗೆ ಅಂತ ಕೇಳ್ತಾರೇನೆ? ಹೋದ ಕೆಲ್ಸ ಆಗ್ತೈತಾ? ಇಷ್ಟೊಂದು ಓದ್ಕಂಡು ಅಷ್ಟೂ ತಿಳಿಯಲ್ವಾ ನಿಂಗೆ?"

ತಿಳಿದಿತ್ತು. ಹುಟ್ಟಿದಾಗಿನಿಂದ ತಿಳಿದಿತ್ತು. ಅಪ್ಪ ಮಂಡಿಗೆ ಹೊರಟಾಗ ನಾವು ಯಾರೂ ಎಲ್ಲಿಗೆ ಅಂದವರಲ್ಲ. ನಮ್ಮ ಕಡೆ ಯಾರ ಮನೆಯಲ್ಲೂ ಅನ್ನುವುದಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ತಡೆದರೆ ಕೆಲಸ ಕೆಡುತ್ತದೆ. ಅದಕ್ಕೇ ದೂರಾನಾ ಎಂದು ಸುತ್ತುಬಳಸಿ ಕೇಳುತ್ತೇವೆ. ಇದೆಲ್ಲ ಗೊತ್ತಿದ್ದ ನಾನೇ ಒಂದು ಬಸ್ ಸ್ಟ್ಯಾಂಡ್ ಕಟ್ಟಿ, ಹೊರಟವರನ್ನೆಲ್ಲ ನಿಲ್ಲಿಸಿ ಎಲ್ಲಿಗೆ ಎಂದು ಕೇಳಿರಿ ಎಂದು ಬೋರ್ಡಿನ ಮೇಲೆ ದಪ್ಪಗೆ ಬರೆದಿದ್ದೆ. ಇಂಗ್ಲಿಷಿನಲ್ಲಿ ಬರೆದದ್ದರಿಂದ ನನಗೆ ಅದು ಮಾತು ಎಂದೇ ಅನಿಸಿರಲಿಲ್ಲ, ಪಾಠ ಎಂದು ಅನಿಸಿತ್ತು. ಆ ಹುಡುಗಿಗೆ ಅದು ಮಾತಾಗಿತ್ತು. ತರಗತಿಯಲ್ಲಿ ಇಂಗ್ಲಿಷನ್ನು ನಿಜವಾದ ಮಾತು ಎಂದು ತಗೊಂಡವಳು ಅವಳೊಬ್ಬಳೇ.

ಶಾಲೆಗೆ ಹೋದವಳೇ ಬೋರ್ಡ್ ಒರೆಸಿದೆ. ಮಕ್ಕಳನ್ನು ನೆಲದ ಮೇಲೆ ಸುತ್ತ ಕೂರಿಸಿ, ನಿಮ್ಮ ಮನೆಯಲ್ಲಿ ಯಾರಾದರೂ ಹೊರಟಾಗ ಏನು ಕೇಳ್ತೀರಿ ಎಂದು ಕನ್ನಡದಲ್ಲೇ ಕೇಳಿದೆ. ದೂರಾನಾ ಅಂತೀವಿ ಮೇಡಂ ಎಂದು ನಾಲ್ಕು ಕಡೆಯಿಂದ ಬಂತು. ಎಲ್ಲಿಗೆ ಅಂದ್ರೆ? ಬೈತಾರೆ ಮೇಡಂ. ನಮ್ಮಜ್ಜಿ ವಾಪಸ್ ಬಂದು ನೀರು ಕುಡಿದು ಮತ್ತೆ ಹೋಗುತ್ತೆ ಮೇಡಂ. ಹಂಗಾದರೆ ಇಲ್ಲಿ ಯಾಕೆ ಕೇಳಿದ್ರಿ ಅಂದೆ. ಒಬ್ಬ ಹುಡುಗ ಎದ್ದು ಸಮಾಧಾನವಾಗಿ ಹೇಳಿದ, ಇದು ಸುಳ್ಳು ಬಸ್ಸಲ್ವಾ ಮೇಡಂ.

ಕಿಟಕಿ ಪಕ್ಕದವಳು ಆಗ ಮಾತಾಡಿದಳು. ಒಂದು ಬೆಳಿಗ್ಗೆ ಅಪ್ಪಾಜಿ ಆಟೋ ಸ್ಟಾರ್ಟ್ ಮಾಡುವಾಗ ಅವಳು ಮರೆತು ಎಲ್ಲಿಗೆ ಅಪ್ಪಾಜಿ ಎಂದು ಕೂಗಿದ್ದಳು. ಅವತ್ತೇ ಹೊನ್ನಾಳಿಗೆ ಮುಂಚೆ ಆಟೋ ಮಗುಚಿತು. ಅಪ್ಪ ಕೈ ಮುರಿದುಕೊಂಡು ಎರಡು ತಿಂಗಳು ಮನೆಯಲ್ಲಿ ಕೂತರು. ಯಾರೂ ಹೊಡೆಯಲಿಲ್ಲವಂತೆ. ಅಪ್ಪ ಏನೂ ಅನ್ನಲೂ ಇಲ್ಲವಂತೆ. ಅಜ್ಜಿ ಮಾತ್ರ ಬಂದವರಿಗೆಲ್ಲ, ಮೊಮ್ಮಗಳು ಬಾಯಿಬಿಟ್ಟು ಕೇಳಿದಳು, ಹಿಂಗಾಯ್ತು ಎಂದು ಹೇಳುತ್ತಿದ್ದಳಂತೆ. "ಇಲ್ಲಿ ಎಲ್ರ ಕೈಯಾಗೂ ಕಾರ್ಡ್ ಇರ್ತಾವಲ್ಲ ಮೇಡಂ. ನಿಜವಾಗ್ಲೂ ಹೊಂಟಂಗೇ ಇರ್ತಾರೆ" ಅಂದಳು.

ನಾನು ಅವಳಿಗೆ ಅದು ಮೂಢನಂಬಿಕೆ ಎಂದು ಪಾಠ ಮಾಡಬಹುದಿತ್ತು. ಮಾಡಲಿಲ್ಲ. ಆಟೋ ಮಗುಚಿದ್ದು ನಿನ್ನ ಮಾತಿನಿಂದ ಅಲ್ಲ, ಅದು ನಿನಗೂ ಗೊತ್ತಲ್ಲ ಎಂದಷ್ಟೇ ಹೇಳಿದೆ. ಅವಳು ಗೊತ್ತು ಅಂದಳು, ಅರ್ಧ ದನಿಯಲ್ಲಿ. ಆಮೇಲೆ ಎಲ್ಲರಿಗೂ ಹೇಳಿದೆ, ಈ ಬಸ್ ಸ್ಟ್ಯಾಂಡ್ ನಾನು ಕಟ್ಟಿದ್ದು ಸರಿಯಾಗಿಲ್ಲ, ನೀವೇ ಕಟ್ರಿ.

ಅವತ್ತಿನ ಎರಡು ಪೀರಿಯಡ್ಡು ನನ್ನ ಕೆಲಸದ ಜೀವನದಲ್ಲೇ ಚೆಂದದವು. ಹೊರಟವರನ್ನು ಏನು ಕೇಳಬೇಕು ಎಂದು ಮಕ್ಕಳು ಜಗಳಾಡಿ ಕೊನೆಗೆ "ಗೋಯಿಂಗ್ ಫಾರ್?" ಎಂದು ಇಟ್ಟರು. ದೂರ ಹೊರಟಿರಾ, ಅಷ್ಟೇ. ಉತ್ತರ "ಫಾರ್" ಅಥವಾ "ನಿಯರ್", ದೂರ ಇಲ್ಲವೇ ಹತ್ತಿರ. ಊರಿನ ಹೆಸರು ತಾನಾಗಿ ಬಂದರೆ ಬರಲಿ. ಹಾಗಾದರೆ ಬಸ್ಸಿನ ಹೊತ್ತು ಹೇಳುವುದು ಹೇಗೆ ಎಂದು ನಾನು ಕೇಳಿದೆ. ಅದಕ್ಕೆ ಕಂಡಕ್ಟರ್ ಬಂದ. ಕಂಡಕ್ಟರ್ ಎಲ್ಲಿಗೆ ಅಂತ ಕೇಳಬಹುದಾ? ಕೇಳಬಹುದು ಮೇಡಂ, ಕಂಡಕ್ಟರಿಗೆ ದೋಷ ಇಲ್ಲ, ಅಷ್ಟೊತ್ತಿಗೆ ಬಸ್ ಹತ್ತಿ ಆಗಿರುತ್ತೆ. ಹೊರಡುವವರು ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು. ಅದಕ್ಕೆ "ಐ ವಿಲ್ ಗೋ ಅಂಡ್ ಕಮ್." ಹಿಂಗೆ ಇಂಗ್ಲಿಷಿನವರು ಅನ್ನುತ್ತಾರೋ ಇಲ್ಲವೋ ಎಂಬ ಚಿಂತೆ ನನಗೆ ಬರಲಿಲ್ಲ. ಅನ್ನುತ್ತಿದ್ದವರು ನ್ಯಾಮತಿ ತಾಲ್ಲೂಕಿನವರು, ಅವರ ಮಾತು ಅವರಿಗೆ ಸರಿಯಾಗಿತ್ತು.

ಕಿಟಕಿ ಪಕ್ಕದವಳು ಎದ್ದು ಬಂದು ಹೊತ್ತಿನ ಕಾರ್ಡುಗಳನ್ನು ನನ್ನ ಕೈಯಿಂದ ತಾನೇ ತಗೊಂಡಳು. ಮೊದಲ ಪ್ರಯಾಣಿಕನನ್ನು ನಿಲ್ಲಿಸಿ ದೂರಾನಾ ಅಂದಳು ಇಂಗ್ಲಿಷಿನಲ್ಲಿ. ಅವನು ಜಗಳೂರು ಅಂದ. ಅವಳು ಅಲ್ಲಿಗೇ ಬಿಡಲಿಲ್ಲ. ಊಟ ಕಟ್ಟಿಕೊಂಡಿದ್ದೀಯಾ, ನೀರಿದೆಯಾ, ಯಾವಾಗ ಬರ್ತೀಯ, ಎಲ್ಲ ಕೇಳಿದಳು. ಪದ ಸಿಗದ ಕಡೆ ಕೈಯಲ್ಲಿ ತೋರಿಸಿ, ಮುಂದಿನ ಪದಕ್ಕೆ ಹಾರಿದಳು. ಅವನು ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಡ್ರೈವರ್ ತಟ್ಟೆ ತಿರುಗಿಸುತ್ತಾ, ಜಗಳೂರಿಗೆ ಇನ್ನು ನಾಳೆನೇ ಕಣೋ ಅಂದ.

ಮಾರ್ಚಿನ ಸಭೆಯ ದಿನ ಪೋಷಕರು ಬಂದು ಜಗಲಿಯ ಮೇಲೆ ಕೂತರು. ಸಾಮಾನ್ಯವಾಗಿ ಇಂಥ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಯಿಪಾಠ ಹೇಳಿಸುತ್ತಾರೆ. ಹೆಡ್ ಮಾಸ್ಟರೂ ಒಂದು ಪದ್ಯ ಹೇಳಿಸಿಬಿಡಿ ಮೇಡಂ, ರಿಸ್ಕ್ ಬೇಡ ಅಂದರು. ಬೇಡ ಸರ್, ಪೋಷಕರನ್ನೇ ಬಸ್ ಹತ್ತಿಸೋಣ ಅಂದೆ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು. ಆದರೂ ಬೆಂಚು ಹೊರಗೆ ಹಾಕಿಸಲು ತಾವೇ ಕೈ ಕೊಟ್ಟರು.

ಮಕ್ಕಳು ತಮ್ಮ ಮನೆಯವರನ್ನು ಬಿಟ್ಟು ಬೇರೆಯವರ ಅಪ್ಪ ಅವ್ವಂದಿರಿಗೆ ಊರಿನ ಕಾರ್ಡ್ ಹಂಚಬೇಕು ಎಂದು ನಾನು ಹೇಳಿಟ್ಟಿದ್ದೆ. ನಡೆದದ್ದು ಬೇರೆ. ಲಗೇಜ್ ಆಟೋದವರು ಕೊನೆಯಲ್ಲಿ, ಕಂಬಕ್ಕೆ ಒರಗಿ, ಕೈ ಕಟ್ಟಿಕೊಂಡು ನಿಂತಿದ್ದರು. ಯಾವ ಮಗು ಹತ್ತಿರ ಹೋದರೂ ತಲೆ ಅಲ್ಲಾಡಿಸಿ ಬೇಡ ಅಂದರು. ಅವರ ನಿಲುವಿನಲ್ಲಿ ಕಂಡದ್ದು ಜಂಭವಲ್ಲ. ತಪ್ಪಾದರೆ ಊರಿನವರೆಲ್ಲ ನಗುತ್ತಾರೆ ಎಂಬ ಅಂಜಿಕೆ. ಅದು ನನಗೆ ನನ್ನ ಅಂಗೈಯಷ್ಟೇ ಪರಿಚಯ.

ಮಗಳು ನೇರ ಅವರ ಹತ್ತಿರವೇ ಹೋದಳು. ಜಗಳೂರಿನ ಕಾರ್ಡನ್ನು ಅವರ ಕಟ್ಟಿದ ಕೈಗಳ ಸಂದಿಗೆ ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಬಂದು, ಮನೆ ಬಾಗಿಲಲ್ಲಿ ನಿಂತವಳಂತೆ ನಿಂತು, ಎಲ್ಲರಿಗೂ ಕೇಳುವ ದನಿಯಲ್ಲಿ ಕೇಳಿದಳು.

"ಗೋಯಿಂಗ್ ಫಾರ್, ಅಪ್ಪಾಜಿ?"

ಅವರು ಕಾರ್ಡ್ ನೋಡಿದರು, ಮಗಳನ್ನು ನೋಡಿದರು. ಮಾತು ಅವರಿಗೆ ಅರ್ಥವಾಗಿತ್ತು. ಆ ಮಾತನ್ನು ಅವರು ಜೀವಮಾನವೆಲ್ಲ ಕೇಳಿಸಿಕೊಂಡಿದ್ದರು, ಬೇರೆ ಭಾಷೆಯಲ್ಲಿ ಅಷ್ಟೇ. "ದೂರಾನೇ ಕಣವ್ವ, ಜಗಳೂರು" ಅಂದರು. ಜನ ನಕ್ಕರು, ಆದರೆ ಅದು ಹಿಂದಿನ ಬೆಂಚಿನ ನಗು ಅಲ್ಲ. ಅವಳು ಬಿಡಲಿಲ್ಲ. ಏನು ಹೇರಿಕೊಂಡಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರು ಮೆಣಸಿನಕಾಯಿ ಅಂದರು ಕನ್ನಡದಲ್ಲಿ. ಎಷ್ಟು ಚೀಲ, ಜೊತೆಗೆ ಯಾರು ಬರ್ತಾರೆ, ಕೈ ಈಗ ನೋಯುತ್ತಾ. ಕೊನೆಯದನ್ನು ನಾವು ಯಾರೂ ತರಗತಿಯಲ್ಲಿ ಮಾಡಿರಲಿಲ್ಲ. ಕೈ ಎಂಬುದು ಅವಳಿಗೆ ಗೊತ್ತಿತ್ತು, ನೋವು ಎಂಬುದು ಆಸ್ಪತ್ರೆ ಆಟದಿಂದ ಗೊತ್ತಿತ್ತು, ಎರಡನ್ನೂ ಅವಳೇ ಕೂಡಿಸಿಕೊಂಡಳು. ಅವರು ಕೈಯನ್ನು ಒಮ್ಮೆ ಮಡಚಿ ಬಿಡಿಸಿದರು. ಆಮೇಲೆ ಇಲ್ಲ ಎಂದು ತಲೆ ಅಲ್ಲಾಡಿಸಿ, ಹೋಗಿ ಬೆಂಚಿನ ಮೇಲೆ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರು. ಅವರು ಕೂತ ಮೇಲೆ ಉಳಿದ ಗಂಡಸರೂ ಒಬ್ಬೊಬ್ಬರಾಗಿ ಬಂದು ಕೂತರು. ಬಸ್ಸಿಗೆ ಬೆಂಚು ಸಾಲಲಿಲ್ಲ.

ಸಭೆ ಮುಗಿದ ಮೇಲೆ ಅವರು ಹೆಡ್ ಮಾಸ್ಟರ ಕೋಣೆಗೆ ಬಂದರು. ಅರ್ಜಿ ಟೇಬಲ್ಲಿನ ಗಾಜಿನ ಕೆಳಗೇ ಇತ್ತು. ಗಾಜು ಎತ್ತಿ ತಾವೇ ತೆಗೆದರು, ನಾಲ್ಕು ಮಡಿಕೆ ಮಡಚಿ ಅಂಗಿಯ ಜೇಬಿಗೆ ಇಟ್ಟರು.

"ಆರನೇದು ಇಲ್ಲೇ ಓದ್ಲಿ ಮೇಡಂ. ಏಳನೇದು ಆಮೇಲೆ ನೋಡನ."

ನನಗೆ ಅಷ್ಟು ಸಾಕಾಗಿತ್ತು. ಅವರ ಬೀದಿಯ ಇಬ್ಬರು ಮಕ್ಕಳು ಜೂನಿನಲ್ಲಿ ವ್ಯಾನ್ ಹತ್ತಿಯೇ ಹತ್ತಿದರು, ಅದನ್ನೂ ಹೇಳಬೇಕು. ಆದರೆ ಮಾತು ಬರುವುದಿಲ್ಲ ಎಂದು ನಮ್ಮ ಐದನೇ ತರಗತಿಯಿಂದ ಯಾರೂ ಹೋಗಲಿಲ್ಲ. ನನ್ನ ಗೋಡೆಯ ಮೇಲಿನ ಫೋಟೋಕ್ಕಿಂತ ಇದು ನನಗೆ ಒಂದು ಗುಲಗಂಜಿ ಹೆಚ್ಚು. ಅವ್ವನಿಗೆ ಹೇಳಿದ್ದೇನೆ. ಇದಕ್ಕೂ ಫೋಟೋ ಹೊಡೆಸಬಾರದಿತ್ತಾ ಅಂದಳು.

ಅವತ್ತು ಅವರು ಹೊರಗೆ ಬಂದು ಆಟೋ ಹತ್ತಿದಾಗ ಸಂಜೆ ಬಾಡಿಗೆಯ ಹೊತ್ತು. ಹೆಡ್ ಮಾಸ್ಟರೂ ನಾನೂ ಗೇಟಿನ ಹತ್ತಿರ ನಿಂತಿದ್ದೆವು. ಆಟೋ ಸ್ಟಾರ್ಟ್ ಆಯಿತು. ಮಗಳು ಬೆಂಚು ಒಳಗೆ ಸಾಗಿಸುತ್ತಿದ್ದವಳು ಅದನ್ನು ಅಲ್ಲೇ ಇಳಿಸಿ, ಮೈದಾನದ ಆ ಕಡೆಯಿಂದ, ಇಂಜಿನ್ನಿನ ಸದ್ದಿಗೂ ಮೇಲೆ ಕೂಗಿ ಅದೇ ಪ್ರಶ್ನೆ ಕೇಳಿದಳು. ಈ ಸಲ ಆಟೋ ಸುಳ್ಳಲ್ಲ, ಹೊರಟದ್ದೂ ಸುಳ್ಳಲ್ಲ. ಅವರು ತಿರುಗಿ ನೋಡಲಿಲ್ಲ. ಕೈ ಹೊರಗೆ ಚಾಚಿ, ಗೇರ್ ಹಾಕುತ್ತಾ ಹೇಳಿದರು.

"ನಿಯರ್."

ಹೆಡ್ ಮಾಸ್ಟರು ನನ್ನ ಕಡೆ ನೋಡಿದರು. ಆಮೇಲೆ ಅವಳು ಬಿಟ್ಟ ಬೆಂಚಿನ ಒಂದು ತುದಿ ಹಿಡಿಯಲು ಹೋದರು.